ಮೊದಲ ಆರ್ಡರ್ ಕೊಡುವವರು ಯಾರು?

2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾಯಿತು. ಕಾರ್ಯಕ್ರಮ ನಡೆದದ್ದು ಒಡಿಶಾದಲ್ಲಿ. ಆದರೆ ಟವರ್ ಮೇಲಿನ ರೇಡಿಯೊ ಉಪಕರಣ ತಯಾರಿಸಿದ ತೇಜಸ್ ನೆಟ್‌ವರ್ಕ್ಸ್‌ನ ಮನೆ ನಮ್ಮ ಎಲೆಕ್ಟ್ರಾನಿಕ್ ಸಿಟಿ. ಜಾಲದ ಕೋರ್ ಕೊಟ್ಟ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಬೆಂಗಳೂರು ಕೇಂದ್ರವೂ ಇಲ್ಲೇ ಇದೆ. ಎಲ್ಲವನ್ನೂ ಜೋಡಿಸಿದ್ದು ಟಿಸಿಎಸ್. ಇದೇ ಎಲೆಕ್ಟ್ರಾನಿಕ್ ಸಿಟಿಯ ಒಂದನೇ ಹಂತದಲ್ಲಿ ಟೆಲಿಕಾಂ ಬೋರ್ಡುಗಳ ಟೆಸ್ಟಿಂಗ್ ಮಾಡುತ್ತ ವರ್ಷಗಟ್ಟಲೆ ದುಡಿದ ನನಗೆ ಅಂದು ಆದ ಸಂತೋಷ ಸಣ್ಣದಲ್ಲ.

ಇದನ್ನು ಎಂಜಿನಿಯರುಗಳ ಜಾಣ್ಮೆಯ ಗೆಲುವೆಂದಷ್ಟೇ ಹೊಗಳುವವರಿಗೆ ನನ್ನದೊಂದು ತಕರಾರಿದೆ. ಜಾಣ್ಮೆಗೆ ಈ ಊರಿನಲ್ಲಿ ಎಂದೂ ಬರವಿರಲಿಲ್ಲ. ಹೊಸ ಉಪಕರಣವನ್ನು ಮೊದಲು ಕೊಳ್ಳುವ ಗಿರಾಕಿ ಸಿಗುವುದೇ ಕಷ್ಟ. ಆ ಗಿರಾಕಿ ಸರ್ಕಾರವೇ ಆಗಬೇಕಾಗುತ್ತದೆ.

ನಾನು ಬೈಲಹೊಂಗಲ ತಾಲ್ಲೂಕಿನವನು. ನನ್ನ ಬಾಲ್ಯದಲ್ಲಿ ಬೆಂಗಳೂರಿಗೆ ಮಾತನಾಡಬೇಕೆಂದರೆ ಬೆಳಿಗ್ಗೆ ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಕಾಯಬೇಕಿತ್ತು. ಈ ಪಾಡು ತಪ್ಪಿಸಲೆಂದು ಸಿ-ಡಾಟ್ ಹುಟ್ಟಿದ್ದು 1984ರಲ್ಲಿ, ಸ್ಯಾಮ್ ಪಿತ್ರೋಡಾ ಅವರ ಒತ್ತಾಸೆಯಿಂದ. 36 ತಿಂಗಳು, 36 ಕೋಟಿ ರೂಪಾಯಿ: ಇದು ಅದಕ್ಕೆ ಕೊಟ್ಟ ಗಡುವು ಮತ್ತು ಹಣ. ಹೊರದೇಶದ ಎಕ್ಸ್‌ಚೇಂಜುಗಳು ಏರ್ ಕಂಡೀಷನ್ ಇಲ್ಲದೆ ಬದುಕುತ್ತಿರಲಿಲ್ಲ. ನಮ್ಮಲ್ಲಿ ಬಿಸಿಲು, ಧೂಳು, ಕೈಕೊಡುವ ಕರೆಂಟು. ಸಾಲದ್ದಕ್ಕೆ ಒಂದೇ ಫೋನನ್ನು ಇಡೀ ಓಣಿ ಬಳಸುತ್ತಿತ್ತು. ಈ ವಾಸ್ತವವನ್ನು ಎದುರಿಗಿಟ್ಟುಕೊಂಡೇ ನಮ್ಮ ಹುಡುಗ ಹುಡುಗಿಯರು 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ರೂಪಿಸಿದರು. ಅದು ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮೂರ ಪಕ್ಕದ ಕಿತ್ತೂರಿನಲ್ಲಿ. ಬೇರೆಲ್ಲೂ ಓಡಿ ತೋರಿಸದಿದ್ದ ಯಂತ್ರವನ್ನು ದೂರಸಂಪರ್ಕ ಇಲಾಖೆ ಒಪ್ಪಿಕೊಂಡಿತು. ಅದರ ವಿನ್ಯಾಸವನ್ನು ಹಲವು ಕಾರ್ಖಾನೆಗಳಿಗೆ ಹಂಚಲಾಯಿತು. ಹಳ್ಳಿಗೆ ಫೋನು ಬಂದದ್ದು ಹಾಗೆ.

ಆ ಧೈರ್ಯ ಆಮೇಲೆ ಕರಗಿತು. ನಾನಿದ್ದ ಸಣ್ಣ ಕಂಪನಿ ಒಂದು ಒಳ್ಳೆಯ ಉಪಕರಣ ಮಾಡಿತ್ತು. ಟೆಂಡರಿಗೆ ಹೋದರೆ ಷರತ್ತು ನೋಡಿ: ಇದೇ ಉಪಕರಣ ಬೇರೆಡೆ ಮೂರು ವರ್ಷ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಯಾರೂ ಮೊದಲು ಕೊಳ್ಳದೆ ಪ್ರಮಾಣಪತ್ರ ಎಲ್ಲಿಂದ ತರುವುದು? ಗೆದ್ದದ್ದು ಆಮದು ಮಾಲು. ನಮ್ಮ ವಿನ್ಯಾಸ ತಂಡ ಚದುರಿಹೋಯಿತು, ಅದರಲ್ಲಿದ್ದವರು ಒಬ್ಬೊಬ್ಬರಾಗಿ ವಿದೇಶಿ ಕಂಪನಿಗಳನ್ನು ಸೇರಿದರು. ಅವರನ್ನು ದೂರುವ ಮನಸ್ಸು ನನಗಿಲ್ಲ.

ಮುಕ್ತ ಮಾರುಕಟ್ಟೆಯ ತವರೆನ್ನುವ ಅಮೆರಿಕದಲ್ಲೂ 1960ರ ದಶಕದ ಆರಂಭದಲ್ಲಿ ದುಬಾರಿ ಐಸಿ ಚಿಪ್ಪುಗಳನ್ನು ರಾಶಿ ರಾಶಿಯಾಗಿ ಕೊಂಡದ್ದು ಸರ್ಕಾರದ ಅಪೊಲೊ ಯೋಜನೆ ಮತ್ತು ಮಿನಿಟ್‌ಮನ್ ಕ್ಷಿಪಣಿ ಯೋಜನೆ. ಬೆಲೆ ಇಳಿದದ್ದು ಆಮೇಲೆ. ಅಷ್ಟೇಕೆ, ಎಪ್ಪತ್ತರ ದಶಕದಲ್ಲಿ ಆರ್.ಕೆ. ಬಾಳಿಗರ ನೇತೃತ್ವದ, ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕೈಗಾರಿಕೆ ಕಟ್ಟಲು ಹೊರಡದಿದ್ದರೆ ಎಲೆಕ್ಟ್ರಾನಿಕ್ ಸಿಟಿಯೇ ಇರುತ್ತಿರಲಿಲ್ಲ.

4ಜಿ ವಿಷಯದಲ್ಲಿ ಸರ್ಕಾರ ಮತ್ತೆ ಮೊದಲ ಗಿರಾಕಿಯಾಯಿತು, ನಿಜ. ಆದರೆ ಹಳೆಯ ಟೆಂಡರ್ ರದ್ದಾದದ್ದು 2020ರಲ್ಲಿ, ದೊಡ್ಡ ಆರ್ಡರ್ ಕೈಗೆ ಬಂದದ್ದು 2023ರಲ್ಲಿ. ಅಷ್ಟರಲ್ಲಿ ಖಾಸಗಿಯವರು 5ಜಿ ಶುರುಮಾಡಿಯಾಗಿತ್ತು, ಬಿಎಸ್‌ಎನ್‌ಎಲ್ ಗ್ರಾಹಕರು ನಂಬರ್ ಪೋರ್ಟ್ ಮಾಡಿಸಿಕೊಂಡು ಹೋಗುತ್ತಿದ್ದರು. ಹೊಸ ತಂತ್ರಜ್ಞಾನ ಪಳಗಲು ಸಮಯ ಬೇಕೇ ಬೇಕು. ಫೈಲು ಮೇಜಿನಿಂದ ಮೇಜಿಗೆ ಅಲೆಯಲು ಅಷ್ಟು ಸಮಯ ಬೇಕಿಲ್ಲ. ತೇಜಸ್‌ನಂಥ ಕಂಪನಿ, ಅದೂ ಟಾಟಾ ಬೆನ್ನಿಗೆ ನಿಂತ ಮೇಲೆ, ಕಾಯಬಲ್ಲದು. ಪಕ್ಕದ ಗಲ್ಲಿಯ ಹದಿನೈದು ಜನರ ಕಂಪನಿಗೆ ಮೂರು ತಿಂಗಳ ಸಂಬಳ ನಿಂತರೆ ಬಾಗಿಲು ಮುಚ್ಚಬೇಕು.

ನಿಯಮ ಇಲ್ಲವೆಂದಲ್ಲ. ನವೋದ್ಯಮಗಳಿಗೆ ಪೂರ್ವಾನುಭವದ ಷರತ್ತು ಸಡಿಲಿಸಲು 2017ರ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳಲ್ಲೇ ಅವಕಾಶವಿದೆ. ಆದರೆ ಹೊಸದನ್ನು ಕೊಂಡ ಅಧಿಕಾರಿ ನಾಳೆ ಆಡಿಟ್ ಆಕ್ಷೇಪಣೆಗೆ ಉತ್ತರ ಹೇಳಬೇಕು, ಹಳೆಯದನ್ನೇ ಕೊಂಡವನನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಪ್ರಾಮಾಣಿಕವಾಗಿ ಪ್ರಯೋಗಕ್ಕೆ ಒಪ್ಪಿದ ಅಧಿಕಾರಿಗೆ ಲಿಖಿತ ರಕ್ಷಣೆ ಕೊಡಿ. ಫೀಲ್ಡ್ ಟ್ರಯಲ್ ಮುಗಿದ 90 ದಿನದೊಳಗೆ ಹೌದೋ ಅಲ್ಲವೋ ಬರಹದಲ್ಲಿ ತಿಳಿಸಿ, ಬಿಲ್ಲು ತಡಮಾಡಬೇಡಿ. ರಾಜ್ಯ ಸರ್ಕಾರ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಬೆಸ್ಕಾಂ, ಜಲಮಂಡಳಿ, ಬಿಎಂಟಿಸಿ ಮೂರೂ ಅದರ ಕೈಯಲ್ಲೇ ಇವೆ. ಮುಂದಿನ ಬಜೆಟ್ಟಿನಲ್ಲೇ ಈ ಸಂಸ್ಥೆಗಳ ಖರೀದಿಯ ಒಂದು ಪಾಲನ್ನು ಇಲ್ಲಿ ವಿನ್ಯಾಸಗೊಂಡ, ಇನ್ನೂ ಯಾರೂ ಕೊಳ್ಳದ ಉಪಕರಣಗಳಿಗೆ ಎತ್ತಿಡಲಿ.