ಬ್ಯಾಚ್ ನಂಬರು ತಾಯಿ ಕಾರ್ಡಿನಲ್ಲಿರಲಿ

ಕಮಲಾಪುರ ಸೀಮೆಯ ತವರಿಗೆ ಹೆರಿಗೆಗೆಂದು ಬಂದ ಮಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಿಗಿಯಾದರೆ 108ರ ಗಾಡಿ ಅವಳನ್ನು ಹುಮನಾಬಾದ್ ರಸ್ತೆಯಿಂದ ಕಲಬುರಗಿಗೆ ತರುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಮೊದಲು ‘ಸಲಾಯಿನ್ ಹಚ್ಚುತ್ತಾರೆ’. ಆ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬ್ಯಾಚ್ ನಂಬರು ಇರುತ್ತದೆ. ಬಾಟಲಿ ಮುಗಿದು ಕಸಕ್ಕೆ ಹೋದರೆ ನಂಬರೂ ಹೋಯಿತು. ತಾಯಿ ಕಾರ್ಡಿನಲ್ಲಿ ಅವಳ ತೂಕವಿದೆ, ರಕ್ತದ ಗುಂಪಿದೆ. ಅವಳ ರಕ್ತಕ್ಕೆ ಇಳಿದ ದ್ರಾವಣ ಯಾವ ಬ್ಯಾಚಿನದು ಎಂಬುದಿಲ್ಲ.

ಇದು ಗುಮಾಸ್ತಿಕೆಯ ಸಣ್ಣ ಲೋಪವಲ್ಲ. 2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್‌ಗಳಾದವು. ಅವರಲ್ಲಿ ಏಳು ಬಾಣಂತಿಯರ ಸ್ಥಿತಿ ಕೆಟ್ಟಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಸಂಶಯ ಹೋಗಿದ್ದು ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ಸ್ ಪೂರೈಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು, ರಾಜ್ಯ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಎರಡೇ ತಿಂಗಳಲ್ಲಿ ಮೇದಿನಿಪುರದ ಮೆಡಿಕಲ್ ಕಾಲೇಜಿನಲ್ಲೂ ಬಾಣಂತಿಯೊಬ್ಬರು ಸತ್ತಾಗ ಅದೇ ಕಂಪನಿಯ ದ್ರಾವಣದ ಹೆಸರು ಕೇಳಿಬಂತು.

ನನ್ನ ಸಿಟ್ಟು ಸಾವಿನ ನಂತರದ ಈ ಕ್ರಮಗಳ ಮೇಲಲ್ಲ, ಅದಕ್ಕೂ ಮುಂಚೆ ನಡೆದದ್ದರ ಮೇಲೆ. ಅದೇ ವರ್ಷ ರಾಜ್ಯದ ಪ್ರಯೋಗಾಲಯ ಈ ದ್ರಾವಣದ ಕೆಲವು ಬ್ಯಾಚ್‌ಗಳಿಗೆ ಗುಣಮಟ್ಟವಿಲ್ಲ ಎಂದಿತ್ತು. ಬಳಕೆಯೂ ನಿಂತಿತ್ತು. ಆಮೇಲೆ ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದ ಮೇಲೆ ದ್ರಾವಣ ಮತ್ತೆ ವಾರ್ಡಿಗೆ ಬಂತು. ಇಬ್ಬರು ತಜ್ಞರು ಎರಡು ಮಾತು ಹೇಳಿದಾಗ ಸಂಶಯದ ಲಾಭ ಸಿಗಬೇಕಾದ್ದು ಯಾರಿಗೆ? ಸಿಕ್ಕಿದ್ದು ಬಾಟಲಿಗೆ.

ದ್ರಾವಣ ಕೊರತೆಯಾದರೂ ಜೀವ ಹೋಗುತ್ತದೆ ಎಂದು ಅಧಿಕಾರಿಗಳು ಹೇಳಬಹುದು. ಅದು ನಿಜ, ರಕ್ತಸ್ರಾವದಲ್ಲಿ ರಿಂಗರ್ ಲ್ಯಾಕ್ಟೇಟ್ ಪ್ರಾಣ ಉಳಿಸುತ್ತದೆ. ಅದಕ್ಕೇ ಒಬ್ಬನೇ ಪೂರೈಕೆದಾರನನ್ನು ನಂಬಿ ಕೂರಬಾರದು. ಇನ್ನೊಂದು ಕಂಪನಿಯ ದಾಸ್ತಾನು ಉಗ್ರಾಣದಲ್ಲಿ ಸದಾ ಇರಬೇಕು.

ಕಲುಷಿತ ದ್ರಾವಣ ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಅದರಲ್ಲಿರಬಹುದಾದ ಎಂಡೋಟಾಕ್ಸಿನ್ ಎಂದರೆ ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದ ವಿಷ. ಆಟೋಕ್ಲೇವಿನ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಬೆಳಕಿಗೆ ಹಿಡಿದು ನೋಡುವ ಸಿಸ್ಟರಿಗೆ ಏನು ಗೊತ್ತಾದೀತು? ಬಾಣಂತಿ ಸತ್ತಾಗ ಜನ ಹರಿಹಾಯುವುದು ಮಾತ್ರ ಅವರ ಮೇಲೆ, ಡಾಕ್ಟರ ಮೇಲೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರ ದೃಷ್ಟಿ ಹೋದಾಗ ಆಸ್ಪತ್ರೆ ಬೆರಳು ತೋರಿದ್ದು ಶಸ್ತ್ರಚಿಕಿತ್ಸೆಗೆ ಬಳಸಿದ ದ್ರಾವಣದ ಕಡೆಗೆ. ನವೆಂಬರ್ 1ರಂದು ಏಟು ತಿಂದವರು ಮಾತ್ರ ಅಲ್ಲಿನ ಡಾಕ್ಟರುಗಳು.

ದ್ರಾವಣ ಇಳಿಯುವ ಪ್ಲಾಸ್ಟಿಕ್ ನಳಿಕೆ, ಸಿರಿಂಜು, ಕ್ಯಾಥೆಟರ್ ಎಲ್ಲಕ್ಕೂ ಬ್ಯಾಚ್ ನಂಬರಿನ ಇದೇ ಮಾತು. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳೆಲ್ಲ ಕಾನೂನಿನ ಕಣ್ಣಿಗೆ ಔಷಧಗಳೇ. ಅತ್ಯಂತ ಅಪಾಯದ ಸರಕನ್ನು 24ರಿಂದ 72 ಗಂಟೆಯೊಳಗೆ ಹಿಂಪಡೆಯಬೇಕು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಹಿಂಪಡೆಯುವುದು ಉಗ್ರಾಣದಲ್ಲಿ ಉಳಿದಿದ್ದನ್ನು. ಈಗಾಗಲೇ ಮೈಗೆ ಇಳಿದಿರುವುದು ಯಾರ ಮೈಗೆ ಎಂದು ಹುಡುಕಲು ನಂಬರು ಬೇಕು. ಅದನ್ನು ಬರೆದಿಟ್ಟಿದ್ದರೆ ಕಮಲಾಪುರದ ಆಶಾ ಕಾರ್ಯಕರ್ತೆ ಅದೇ ದಿನ ಆ ಮನೆಯ ಬಾಗಿಲು ತಟ್ಟಬಹುದು.

ಸರ್ಕಾರಿ ಔಷಧ ಪ್ರಯೋಗಾಲಯಗಳಿರುವುದು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಗಳಲ್ಲಿ. ವಿಭಾಗದ ಕೇಂದ್ರವಾದ ಕಲಬುರಗಿಯಲ್ಲಿ ಇಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತದೆ. ಮಂಡಳಿಯ ಕಚೇರಿ ಇದೇ ಊರಿನಲ್ಲಿದೆ. ಬಳ್ಳಾರಿಯ ಸಾವುಗಳಿಗೆ ಎರಡು ತಿಂಗಳ ಮುಂಚೆ, 2024ರ ಸೆಪ್ಟೆಂಬರ್ 17ರಂದು, ಇಡೀ ಸಚಿವ ಸಂಪುಟ ಇಲ್ಲಿಯೇ ಸಭೆ ಸೇರಿತ್ತು. ಒಂದು ಪ್ರಯೋಗಾಲಯ ಕಟ್ಟಲು ಹಣವಿಲ್ಲ ಎಂಬ ಮಾತನ್ನು ಈ ಭಾಗದ ಜನ ಒಪ್ಪಬಾರದು. ಬಳ್ಳಾರಿಯಲ್ಲಿ ಪ್ರಯೋಗಾಲಯವಿದ್ದೂ ಬಾಣಂತಿಯರು ಸತ್ತರು ಎಂಬುದನ್ನೂ ಮರೆಯಬಾರದು. ಪರೀಕ್ಷೆಯ ವರದಿ ಅದೇ ದಿನ ಎಲ್ಲ ಆಸ್ಪತ್ರೆಗಳ ಗೋಡೆಗೆ ಬರದಿದ್ದರೆ ಪರೀಕ್ಷೆ ಮಾಡಿ ಫಲವಿಲ್ಲ.

ತಾಯಿ ಕಾರ್ಡಿನಲ್ಲಿ ಬ್ಯಾಚ್ ನಂಬರಿಗೆ ಒಂದು ಸಾಲು ಸೇರಿಸಲು ಆರೋಗ್ಯ ಇಲಾಖೆಗೆ ಒಂದು ಸುತ್ತೋಲೆ ಸಾಕು. ಅದು ಬರುವವರೆಗೆ, ಮಗಳ ಪಕ್ಕದಲ್ಲಿ ಕೂತ ಅವ್ವಂದಿರೇ, ಅಣ್ಣತಮ್ಮಂದಿರೇ, ಬಾಟಲಿ ಕಸಕ್ಕೆ ಹೋಗುವ ಮುಂಚೆ ಅದರ ಚೀಟಿಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.