ಉರಿಮೂತ್ರವೂ ನಮ್ಮ ಸಂಕೋಚವೂ

ಜ್ವರ ಬಂದರೆ ನಾಲ್ಕು ಜನರೆದುರು ಹೇಳಿಕೊಳ್ಳುತ್ತೇವೆ. ಹಲ್ಲುನೋವನ್ನು ಕೇಳದವರಿಗೂ ವರ್ಣಿಸುತ್ತೇವೆ. ಮೂತ್ರಕ್ಕೆ ಸಂಬಂಧಿಸಿದ ಬೇನೆ ಬಂದಾಗ ಮಾತ್ರ ಬಾಯಿಗೆ ಬೀಗ ಬೀಳುತ್ತದೆ. ಕಾಲೇಜಿನ ಸಂಚಿಕೆಯಲ್ಲಿ ಇಂಥ ವಿಷಯವೇ ಎಂದು ಕೆಲವು ವಾಚಕರು ಮೂಗು ಮುರಿಯಬಹುದು. ಆದರೂ ಹೇಳಲೇಬೇಕು. ಈ ಬೇನೆಗಳಲ್ಲಿ ಅನೇಕವು ಗುಣವಾಗತಕ್ಕವು. ಅವನ್ನು ಕಠಿಣ ಮಾಡುವುದು ನಮ್ಮ ಸಂಕೋಚವೆಂಬುದೇ ನನ್ನ ಅಭಿಪ್ರಾಯ.

ನಮ್ಮ ಮನೆಗಳಲ್ಲಿ ಇವಕ್ಕೆಲ್ಲ ಒಂದೇ ಹೆಸರು, ಒಂದೇ ಮದ್ದು: "ಉಷ್ಣವಾಗಿದೆ, ಎಳನೀರು ಕುಡಿ." ಉರಿ ಒಂದೇ ಆದರೂ ಅದರ ಮೂಲ ಎಲ್ಲರಲ್ಲೂ ಒಂದೇ ಅಲ್ಲ. ಮೂತ್ರ ಹೊರಬರುವ ನಾಳ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದ. ಆದ್ದರಿಂದ ಕರುಳಿನ ಕ್ರಿಮಿಗಳು ಹೆಂಗಸರ ಮೂತ್ರಕೋಶವನ್ನು ಬೇಗ ಸೇರುತ್ತವೆ; ಸೋಂಕು ಅವರಲ್ಲಿಯೇ ಹೆಚ್ಚು. ಇದು ಶರೀರದ ರಚನೆಯ ಮಾತೇ ಹೊರತು ನಡತೆಯ ಮಾತಲ್ಲ. ಇದನ್ನು ತಿಳಿಯದೆ ಎಷ್ಟು ಮಂದಿ ಹೆಣ್ಣುಮಕ್ಕಳು ಅಪವಾದಕ್ಕೆ ಅಂಜಿ ಸುಮ್ಮನಿದ್ದಾರೆಯೋ!

ವಯಸ್ಸಾದ ಗಂಡಸರ ಕಥೆ ಬೇರೆ. ಐವತ್ತು ದಾಟಿದ ಮೇಲೆ ಅನೇಕರಲ್ಲಿ ಮೂತ್ರಕೋಶದ ಕೆಳಗಿನ ಪ್ರೊಸ್ಟೇಟ್ ಗ್ರಂಥಿ ದೊಡ್ಡದಾಗಿ ನಾಳವನ್ನು ಒತ್ತುತ್ತದೆ. ರಾತ್ರಿ ನಾಲ್ಕೈದು ಸಲ ಏಳುವ ಅಜ್ಜನನ್ನು ನೋಡಿ "ಮುಪ್ಪು" ಎಂದು ಬಿಟ್ಟುಬಿಡುತ್ತೇವೆ. ಇದು ತಾನಾಗಿ ಕ್ಯಾನ್ಸರ್ ಅಲ್ಲ. ಆದರೆ ಪರೀಕ್ಷೆಯಿಲ್ಲದೆ ಹಾಗೆಂದು ನಿಶ್ಚಯಿಸಲಾಗದು. ಮಾತ್ರೆಗಳಿವೆ, ಸಾಲದಿದ್ದರೆ ಹೊಟ್ಟೆ ಕೊಯ್ಯದೆ ನಾಳದ ಮೂಲಕವೇ ಮಾಡುವ ಶಸ್ತ್ರಚಿಕಿತ್ಸೆಯಿದೆ. ಮೂತ್ರ ಪೂರ್ತಿ ಕಟ್ಟಿದರಂತೂ ಒಂದು ಗಳಿಗೆಯೂ ತಡಮಾಡಬಾರದು.

ಎಳೆಯ ಕೂಸು ಉರಿಯೆಂದು ಹೇಳಲಾರದು. ಜ್ವರ, ವಾಂತಿಗಳೇ ಅದರ ಭಾಷೆ. ಸೋಂಕು ಮತ್ತೆ ಮತ್ತೆ ಬಂದರೆ ಮೂತ್ರ ಹಿಮ್ಮುಖವಾಗಿ ಮೂತ್ರಪಿಂಡದತ್ತ ಹೋಗುತ್ತಿದೆಯೇ ಎಂದು ವೈದ್ಯರು ನೋಡುತ್ತಾರೆ. ಅಲಕ್ಷಿಸಿದರೆ ಮೂತ್ರಪಿಂಡಕ್ಕೆ ಶಾಶ್ವತ ಗಾಯವಾಗಬಹುದು. ಗರ್ಭಿಣಿಗೆ ಉರಿಯಿಲ್ಲದಿದ್ದರೂ ಮೂತ್ರದಲ್ಲಿ ಕ್ರಿಮಿ ಕಂಡರೆ ಔಷಧ ಕೊಡುತ್ತಾರೆ; ಬೇರೆ ತೊಂದರೆಯಿಲ್ಲದ ಮುದುಕಿಯಲ್ಲಿ ಅದೇ ಕ್ರಿಮಿ ಕಂಡರೂ ಸಾಮಾನ್ಯವಾಗಿ ಕೊಡುವುದಿಲ್ಲ. ಒಂದೇ ಪರೀಕ್ಷೆ, ಒಂದೇ ಫಲಿತಾಂಶ, ಎರಡು ತೀರ್ಪು! ಹೀಗಿರುವಾಗ ಅಂಗಡಿಯಿಂದ ನಾಲ್ಕು ಮಾತ್ರೆ ತಂದು, ಎರಡು ನುಂಗಿ, ಉಳಿದೆರಡನ್ನು ತಂಗಿಗೆಂದು ತೆಗೆದಿಡುವುದು ಎಂಥ ವಿವೇಕ? ಅರ್ಧ ಚಿಕಿತ್ಸೆಯಿಂದ ಕ್ರಿಮಿ ಪೂರ್ತಿ ಸಾಯದೆ ಪಳಗಲೂಬಹುದು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಅದರಲ್ಲೂ ಬೀಡಿ ಸೇದುವವರು, ಒಡನೆ ವೈದ್ಯರನ್ನು ಕಾಣಬೇಕು. ಮೂತ್ರಕೋಶದ ಕ್ಯಾನ್ಸರಿಗೆ ಧೂಮಪಾನ ಮುಖ್ಯ ಕಾರಣಗಳಲ್ಲೊಂದು.

ಇನ್ನು ನಮ್ಮ ಕಾಲೇಜಿನ ಮಾತು. ಬೆಳಿಗ್ಗೆ ಬಸ್ಸು ಹತ್ತಿದ ವಿದ್ಯಾರ್ಥಿನಿಯರಲ್ಲಿ ಹಲವರು ಸಂಜೆ ಮನೆ ಸೇರುವ ತನಕ ನೀರು ಮುಟ್ಟುವುದಿಲ್ಲ. ನಾನೂ ಅವರಲ್ಲೊಬ್ಬಳು. ಬಾಯಾರಿಕೆಯಿಲ್ಲದೆ ಅಲ್ಲ, ಚಿಲಕವಿಲ್ಲದ, ನೀರಿಲ್ಲದ ಶೌಚಾಲಯಕ್ಕೆ ಹೆದರಿ. ನೀರು ಕುಡಿಯದಿರುವುದೂ ಮೂತ್ರ ತಡೆಯುವುದೂ ಸೋಂಕಿಗೆ ದಾರಿ. ನೀರು ಕಡಿಮೆಯಾದರೆ ಮೂತ್ರಪಿಂಡದಲ್ಲಿ ಕಲ್ಲೂ ಕಟ್ಟೀತು. ವಾರ್ಷಿಕೋತ್ಸವದ ವೇದಿಕೆಗೆ ತೋರಣ ಕಟ್ಟುವ ಮೊದಲು ಶೌಚಾಲಯದ ಬಾಗಿಲಿಗೆ ಒಂದು ಚಿಲಕ, ನಲ್ಲಿಗೆ ನೀರು ಬರಲೆಂದು ಅಧ್ಯಾಪಕವೃಂದವನ್ನು ವಿನಯದಿಂದ ಕೇಳುತ್ತೇನೆ. ಇದು ಅನುಗ್ರಹದ ಮಾತಲ್ಲ, ಆರೋಗ್ಯದ ಮಾತು.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮನೆಯಲ್ಲಿ ಕಾಲೇಜು ಕಂಡ ಮೊದಲಿಗರು, ನಾನೂ ಹಾಗೆಯೇ. ಆಸ್ಪತ್ರೆಯಲ್ಲಿ ಚೀಟಿ ಓದುವವರು ನಾವು, ಅಜ್ಜಿಯ ಮಾತನ್ನು ವೈದ್ಯರಿಗೆ ಮುಟ್ಟಿಸುವವರೂ ನಾವು. ಅಜ್ಜಿ ನಾಚಿಕೊಂಡು "ಹೊಟ್ಟೆನೋವು" ಎಂದರೆ ವೈದ್ಯರು ಹೊಟ್ಟೆಗೇ ಔಷಧ ಕೊಟ್ಟಾರು. ಎಷ್ಟು ದಿನದಿಂದ, ರಾತ್ರಿ ಎಷ್ಟು ಸಲ, ಉರಿಯೋ ತಡೆಯೋ, ಬಣ್ಣ ಕೆಂಪೋ ಎಂದು ಮೊದಲು ಮನೆಯಲ್ಲಿಯೇ ಮೆಲ್ಲಗೆ ಕೇಳುವುದನ್ನು ನಾವು ಕಲಿಯಬೇಕು. ಕವಿಗಳ ಶೃಂಗಾರ ವರ್ಣನೆಯನ್ನು ತರಗತಿಯಲ್ಲಿ ನಿಸ್ಸಂಕೋಚವಾಗಿ ಓದುವ ನಾವು ಹೆತ್ತವಳ ಬೇನೆಯನ್ನು ಕೇಳಲು ಸಂಕೋಚಪಟ್ಟರೆ, ಪಡೆದ ಪದವಿ ಗೋಡೆಗೆ ತೂಗುಹಾಕುವ ಪಟವಾಗಿ ಉಳಿದೀತು.