ಸಾಸಿವೆ ಡಬ್ಬಿಯ ದುಡ್ಡು, ಸಿ.ಐ.ಡಿ. 999

ಹೆಂಗಸರು ಏನನ್ನಾದರೂ ಕೂಡಿಡುತ್ತಾರೆ ಅಂದರೆ ಎಲ್ಲರಿಗೂ ಥಟ್ಟನೆ ನೆನಪಾಗುವುದು ಸ್ಟೀಲ್ ಪಾತ್ರೆ, ರೇಷ್ಮೆ ಸೀರೆ, ತಪ್ಪಿದರೆ ಉಪ್ಪಿನಕಾಯಿ ಜಾಡಿ. ಗಂಡಸರು ಅಂಚೆಚೀಟಿಯನ್ನೋ ಹಳೇ ನಾಣ್ಯವನ್ನೋ ಕೂಡಿಟ್ಟರೆ ಅದಕ್ಕೆ 'ಹವ್ಯಾಸ' ಅಂತ ಗೌರವದ ಹೆಸರು. ಹೆಂಗಸು ಸಿನಿಮಾ ಕ್ಯಾಸೆಟ್ಟು, ಹಾಡಿನ ಪ್ಲೇಟು ಕೂಡಿಟ್ಟರೆ ಮಾತ್ರ 'ಅಟ್ಟದ ತುಂಬ ಕಸ'. ಏನಂತೀರಿ ಸೋದರಿಯರೇ, ನಿಮ್ಮ ಮನೆಯಲ್ಲೂ ಹೀಗೇನಾ?

ಈ ಮಾತು ಬಂದದ್ದು ಓದುಗ ಸೋದರಿಯೊಬ್ಬರ ಕಾಗದದಿಂದ. ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಮಗಳ ಊರಿಗೆ ಹೋಗಿದ್ದರಂತೆ. ವಾಪಸು ಬರುವ ಹೊತ್ತಿಗೆ ಅವರ ಟ್ರಂಕಿನಲ್ಲಿದ್ದ ಕ್ಯಾಸೆಟ್ಟು, ರೆಕಾರ್ಡು, ಹಾಡಿನ ಪುಸ್ತಕ ಎಲ್ಲವನ್ನೂ ಮನೆಯವರು ಗುಜರಿಯವನಿಗೆ ತೂಕಕ್ಕೆ ಹಾಕಿಬಿಟ್ಟಿದ್ದರು. 'ಸಿನಿಮಾ ಕ್ಯಾಸೆಟ್ಟಿಗೆ ಕಣ್ಣೀರು ಹಾಕಿದರೆ ನಗುತ್ತಾರೆ ಅಂತ ಬಚ್ಚಲಮನೆಯಲ್ಲಿ ಅತ್ತುಕೊಂಡೆ. ನನ್ನದು ಅತಿಯಾಯಿತೇ?' ಅಂತ ಕೇಳಿದ್ದಾರೆ.

ಖಂಡಿತಾ ಅತಿಯಾಗಲಿಲ್ಲ ತಾಯಿ. ಯಾಕೆ ಅಂತ ಹೇಳುವುದಕ್ಕೆ ನಮ್ಮ ಮನೆಯ ಬೀರುವಿನ ಕಥೆ ಹೇಳಬೇಕು.

ನಮ್ಮ ಬೀರುವಿನ ಒಂದು ಅರೆ ಪೂರ್ತಿ ಅಣ್ಣಾವ್ರ ಸಿ.ಐ.ಡಿ. 999 ಸರಣಿಗೆ ಮೀಸಲು. ಒಟ್ಟು ನಾಲ್ಕೇ ಚಿತ್ರ. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೂ ನಿರ್ದೇಶನ ದೊರೈ-ಭಗವಾನ್, ಸಂಗೀತ ಜಿ.ಕೆ. ವೆಂಕಟೇಶ್. ಹೊರದೇಶದಲ್ಲಿ ಜೇಮ್ಸ್ ಬಾಂಡನ ಮೊದಲ ಚಿತ್ರ 'ಡಾಕ್ಟರ್ ನೋ' ಬಂದದ್ದು 1962ರಲ್ಲಿ. ಆರೇ ವರ್ಷದಲ್ಲಿ ನಮ್ಮ ಕನ್ನಡದವರು ಆ ಮಾದರಿಯನ್ನು ತಂದು, ನಮ್ಮ ಅಣ್ಣಾವ್ರಿಗೆ ಕೋಟು ಹಾಕಿಸಿ, ಕೈಗೆ ಪಿಸ್ತೂಲು ಕೊಟ್ಟು ನಿಲ್ಲಿಸಿದರು. ಅಷ್ಟರವರೆಗೆ ಕಿರೀಟ, ಜರತಾರಿ, ಪಂಚೆಯಲ್ಲೇ ಹೆಚ್ಚಾಗಿ ಕಂಡಿದ್ದ ರಾಜ್‌ಕುಮಾರ್ ಅವರನ್ನು ಆ ವೇಷದಲ್ಲಿ ನೋಡಿ ಜನ ಹುಚ್ಚೆದ್ದುಹೋದರು ಅಂತ ನಮ್ಮತ್ತೆ ಈಗಲೂ ಹೇಳುತ್ತಾರೆ.

ನಾಯಕಿಯರ ಸಾಲನ್ನೇ ನೋಡಿ. 'ಜೇಡರ ಬಲೆ'ಯಲ್ಲಿ ಜಯಂತಿ. 'ಗೋವಾ'ದಲ್ಲಿ ಲಕ್ಷ್ಮಿ. ಆಮೇಲೆ 'ಜೂಲಿ' ಅಂತ ದೇಶಕ್ಕೆಲ್ಲ ಪರಿಚಯವಾದರಲ್ಲ, ಅದೇ ಲಕ್ಷ್ಮಿ ಕನ್ನಡಕ್ಕೆ ಕಾಲಿಟ್ಟದ್ದು ಈ ಚಿತ್ರದಲ್ಲಿ. 'ಜಾಕ್‌ಪಾಟ್'ನಲ್ಲಿ ರೇಖಾ. ಹೌದು, ಹಿಂದಿಯ ರೇಖಾನೇ! ಅವರು ನಾಯಕಿಯಾಗಿ ಮೊದಲು ನಿಂತದ್ದು ನಮ್ಮ ಕನ್ನಡದಲ್ಲಿ. 'ಡೈಮಂಡ್ ರಾಕೆಟ್'ನಲ್ಲಿ ಪದ್ಮಪ್ರಿಯಾ. ಗೋವಾ ಅಂದರೆ ಈಗ ಕಾಲೇಜು ಹುಡುಗರು ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುವ ಊರು. ಆದರೆ ಅದು ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದದ್ದೇ 1961ರ ಡಿಸೆಂಬರಿನಲ್ಲಿ. 1968ರಲ್ಲಿ ನಮ್ಮ ಕಡೆಯ ಹಳ್ಳಿಯ ಹುಡುಗಿಯರಿಗೆ ಗೋವಾ ಅನ್ನೋ ಹೆಸರೇ ಪರದೇಶದಷ್ಟು ದೂರ.

ಇನ್ನೊಂದು ಮಾತು ಹೇಳಿದರೆ ಕಾದಂಬರಿ ಓದುವ ಸೋದರಿಯರಿಗೆ ಖುಷಿಯಾಗುತ್ತದೆ. ಪಿಸ್ತೂಲಿನ ಕಥೆ ತೆಗೆದ ಇದೇ ದೊರೈ-ಭಗವಾನ್ ಜೋಡಿ, ನಡುವಿನ ಒಂಬತ್ತು ವರ್ಷದಲ್ಲಿ 'ಕಸ್ತೂರಿ ನಿವಾಸ' (1971) ತೆಗೆದರು, ವಾಣಿಯವರ ಕಾದಂಬರಿಯಿಂದ 'ಎರಡು ಕನಸು' (1974) ತೆಗೆದರು. ಒಂದು ಕೈಯಲ್ಲಿ ಗುಂಡಿನ ಸದ್ದು, ಇನ್ನೊಂದು ಕೈಯಲ್ಲಿ ಹೆಂಗಸರ ಕಣ್ಣೀರು!

ನಮ್ಮ ಸಂಗ್ರಹ ಶುರುವಾದದ್ದು ನನ್ನಿಂದಲ್ಲ, ನಮ್ಮತ್ತೆಯಿಂದ. ಅವರು ಹುಡುಗಿಯಾಗಿದ್ದಾಗ ಟೆಂಟ್ ಸಿನಿಮಾದ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳನೆಯ ಕಾಗದ, ಅರ್ಧ ಕಥೆ, ಆಮೇಲೆ ಹಾಡುಗಳು. 'ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ' ಅಂತ ಕಥೆ ನಿಲ್ಲಿಸಿಬಿಡುತ್ತಿದ್ದರು. ಅಂಥ ಪುಸ್ತಕವನ್ನು ಅತ್ತೆ ಅಪ್ಪನ ಕಣ್ಣಿಗೆ ಬೀಳದ ಹಾಗೆ ಅಕ್ಕಿ ಡಬ್ಬದ ತಳದಲ್ಲಿ ಇಟ್ಟಿದ್ದರಂತೆ. ಮದುವೆಯಾಗಿ ಬರುವಾಗ ಸೀರೆಯ ಮಡಿಕೆಯೊಳಗೆ ತಂದರು. ಆ ಕಾಲದ ಹೆಣ್ಣುಮಗಳು ತನ್ನ ದುಡ್ಡಿನಲ್ಲಿ ತನಗೋಸ್ಕರವೇ ಕೊಂಡ ವಸ್ತು ಎಷ್ಟಿರುತ್ತಿತ್ತು ಹೇಳಿ? ಅದರಲ್ಲಿ ಇದು ಒಂದು.

ನಾನು ಈ ಮನೆಗೆ ಬಂದ ಮೇಲೆ ಅದಕ್ಕೆ ಕೈ ಸೇರಿಸಿದೆ. ಸಾಸಿವೆ ಡಬ್ಬಿಯಲ್ಲಿ ಉಳಿದ ಚಿಲ್ಲರೆ ದುಡ್ಡೇ ನಮ್ಮ ಬ್ಯಾಂಕು. ಬೆಂಗಳೂರಿಗೆ ಮದುವೆ ಮುಂಜಿ ಅಂತ ಹೋದಾಗ ಭಾನುವಾರ ಬಿದ್ದರೆ ಚಿಕ್ಕಪೇಟೆ ಕಡೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರು. ಬೇರೆ ದಿನವಾದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳು. ನಮ್ಮನೆಯವರು ಚೀಲ ಹಿಡಿದು ಹಿಂದೆ ಬರುವುದು, 'ಇನ್ನೂ ಎಷ್ಟು ಹೊತ್ತು ಮಾರಾಯ್ತಿ' ಅನ್ನುವುದು. ಇದು ವರ್ಷಕ್ಕೊಮ್ಮೆಯ ಯಾತ್ರೆ.

ಏನೇನು ಸಿಗುತ್ತದೆ ಅಂತ ಕೇಳುತ್ತೀರಾ? ಹಾಡಿನ ಪ್ಲೇಟಿನಲ್ಲಿ ಮೂರು ತರಹ. ನಿಮಿಷಕ್ಕೆ 78 ಸುತ್ತು ತಿರುಗುವ ದಪ್ಪ ಕರೀ ಪ್ಲೇಟು ಒಂದು. ಅದು ಅರಗಿನದು, ಕೈ ಜಾರಿದರೆ ಚೂರು. ಒಂದು ಬದಿಗೆ ಸುಮಾರು ಮೂರು ನಿಮಿಷ, ಅಂದರೆ ಒಂದೇ ಹಾಡು. ಎರಡನೆಯದು 45 ಸುತ್ತಿನ ಚಿಕ್ಕ ಪ್ಲೇಟು, ಏಳು ಇಂಚಿನದು. ಬದಿಗೆ ಎರಡೆರಡು ಹಾಡು ಹಿಡಿಯುವ ಇ.ಪಿ. ಇದೇ. ಮೂರನೆಯದು 33 ಚಿಲ್ಲರೆ ಸುತ್ತಿನ ದೊಡ್ಡ ಎಲ್.ಪಿ. ಆಮೇಲೆ ಬಂದದ್ದು ಆಡಿಯೋ ಕ್ಯಾಸೆಟ್ಟು.

ಚಿತ್ರದ ಕಡೆ ನೋಡಿದರೆ, ಮೊದಲು ವಿಡಿಯೋ ಕ್ಯಾಸೆಟ್ಟು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತಲ್ಲ, ಆಮೇಲೆ ವಿ.ಸಿ.ಆರ್. ಕೂಡ ಊರೂರಿಗೆ ಕಾಲಿಟ್ಟಿತು. ದಿನದ ಬಾಡಿಗೆಗೆ ತಂದು ಬೀದಿಯವರೆಲ್ಲ ಕೂತು ರಾತ್ರಿಯಿಡೀ ಮೂರು ಸಿನಿಮಾ ನೋಡಿದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ತೊಂಬತ್ತರ ದಶಕದ ಕೊನೆಗೆ ವಿ.ಸಿ.ಡಿ. ಬಂತು. ಒಂದು ಬಿಲ್ಲೆಯಲ್ಲಿ ಸುಮಾರು 74 ನಿಮಿಷ ಹಿಡಿಯುತ್ತದೆ, ಅದಕ್ಕೇ ಒಂದು ಸಿನಿಮಾಗೆ ಎರಡು ಮೂರು ಬಿಲ್ಲೆ. ಫೈಟಿಂಗ್ ನಡುವೆ ಎದ್ದು ಬಿಲ್ಲೆ ಬದಲಿಸಬೇಕು! 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಮಾರಲು ಶುರುಮಾಡಿದಾಗ ಬಾಡಿಗೆಗೆ ತರುವ ಬದಲು ಕೊಂಡೇಬಿಡೋಣ ಅಂತ ನಮ್ಮಂಥವರಿಗೂ ಧೈರ್ಯ ಬಂತು.

'ಎಲ್ಲಾ ಫೋನಿನಲ್ಲೇ ಸಿಗುತ್ತಲ್ಲಮ್ಮಾ, ಇದೆಲ್ಲಾ ಯಾಕೆ?' ಅನ್ನೋದು ನನ್ನ ಮಗಳ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನೂ ಫೋನಿನಲ್ಲಿ ನೋಡುತ್ತೇನೆ. ಆದರೆ ಇವತ್ತು ಇದ್ದದ್ದು ನಾಳೆ ತೆಗೆದುಹಾಕಿರುತ್ತಾರೆ, ಕೇಳುವವರಿಲ್ಲ. ಕೆಲವರು ಹಳೇ ಕಾಲದ ಚೌಕದ ಚಿತ್ರವನ್ನು ಈಗಿನ ಅಗಲದ ಪರದೆಗೆ ಎಳೆದು ಹಾಕುತ್ತಾರೆ. ಆಗ ಜಯಂತಿಯವರ ಮುಖ ಒತ್ತಿದ ರೊಟ್ಟಿಯ ಹಾಗೆ ಅಗಲ! ಇನ್ನು ಕೆಲವರು ಅಗಲಕ್ಕೆ ಸರಿಹೋಗಲಿ ಅಂತ ಮೇಲೆ ಕೆಳಗೆ ಕತ್ತರಿಸುತ್ತಾರೆ, ಆಗ ತಲೆಯೇ ಮಾಯ.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ನಮ್ಮತ್ತೆಗೆ ಈಗ ಎಪ್ಪತ್ತು ದಾಟಿದೆ. ನಾಲ್ಕು ವರ್ಷದಿಂದ ಕಣ್ಣು ಮಂಜಾಗುತ್ತಾ ಬಂದು ಟಿ.ವಿ.ಯಲ್ಲಿ ಬೆಳಕು ನೆರಳು ಬಿಟ್ಟರೆ ಏನೂ ತಿಳಿಯುವುದಿಲ್ಲ. ಪೇಪರು ನಿಂತಿತು, ಹೂ ಕಟ್ಟುವುದು ಕೂಡ ಬರೀ ಬೆರಳ ಅಂದಾಜು. ಆದರೆ ಈ ಚಿತ್ರ ಹಾಕಿದರೆ ಹಿನ್ನೆಲೆ ಸಂಗೀತ ಕೇಳಿಯೇ 'ಈಗ ಬಾಗಿಲ ಹಿಂದೆ ಯಾರೋ ನಿಂತಿದಾರೆ ನೋಡೇ' ಅಂತಾರೆ. ನೋಡಿದರೆ ನಿಂತಿರುತ್ತಾರೆ! ಅವರ ಪಾಲಿಗೆ ಸಿನಿಮಾ ಅಂದರೆ ಈಗ ಪೂರ್ತಿ ಕಿವಿಯೇ.

ಇಲ್ಲೇ ನಮಗೆ ಒಂದು ವಿಷಯ ಗೊತ್ತಾದದ್ದು. ಪ್ಲೇಟಿನಲ್ಲಿ, ಆಡಿಯೋ ಕ್ಯಾಸೆಟ್ಟಿನಲ್ಲಿ ನಮಗೆ ಸಿಕ್ಕಿರುವುದು ಹಾಡು ಮಾತ್ರ. ಜಿ.ಕೆ. ವೆಂಕಟೇಶ್ ಅವರ ಆ ಗಿಟಾರು, ಡ್ರಮ್ಮು, ಬೆನ್ನಟ್ಟುವಾಗಿನ ಸಂಗೀತ, ಇವು ಬೇಕಾದರೆ ಚಿತ್ರವನ್ನೇ ಹಾಕಬೇಕು. ಅದೇ ಹಾಡಾದರೆ ಹಳೇ ಪ್ಲೇಟಿನಲ್ಲಿ ಎಷ್ಟೋ ಸ್ವಚ್ಛ. ಅದಕ್ಕೇ ಎರಡೂ ಬೇಕು. ಇನ್ನೊಂದು ಸ್ವಾರಸ್ಯ: ಮೊದಲ ಮೂರು ಚಿತ್ರದ ಕಾಲದಲ್ಲಿ ಅಣ್ಣಾವ್ರಿಗೆ ಹಾಡುವ ದನಿ ಅಂದರೆ ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ಅಣ್ಣಾವ್ರೇ ತಮ್ಮ ಹಾಡು ಹಾಡತೊಡಗಿದರು. ಹಾಗಾಗಿ 1978ರ ಚಿತ್ರದಲ್ಲಿ ಅವರದೇ ಕಂಠ, ಅದೂ ಇಂಗ್ಲಿಷ್ ಹಾಡಿನಲ್ಲಿ. ನಾಲ್ಕನ್ನೂ ಸಾಲಾಗಿ ಕೇಳಿದರೆ ಕನ್ನಡ ಚಿತ್ರಗೀತೆ ಹತ್ತು ವರ್ಷದಲ್ಲಿ ಎಷ್ಟು ದೂರ ನಡೆಯಿತು ಅಂತ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ.

ಇದನ್ನೆಲ್ಲ ಮಾಡಿದವರು ಒಬ್ಬೊಬ್ಬರಾಗಿ ಹೊರಟುಹೋದರು. ವೆಂಕಟೇಶ್ 1993ರಲ್ಲಿ, ಅಣ್ಣಾವ್ರು 2006ರ ಏಪ್ರಿಲ್ 12ರಂದು, ಭಗವಾನ್ 2023ರ ಫೆಬ್ರವರಿಯಲ್ಲಿ. ಹಾಗಿರುವಾಗ ಉಳಿದ ಪ್ಲೇಟು, ಬಿಲ್ಲೆ, ಪುಸ್ತಕವನ್ನು ಜೋಪಾನ ಮಾಡುವವರು ಬೇಡವೇ?

ಜೋಪಾನದ ಬಗ್ಗೆ ನಾಲ್ಕು ಮಾತು. ಉಪ್ಪಿನಕಾಯಿ ಜಾಡಿಯಷ್ಟೇ ಇವಕ್ಕೂ ಮಳೆಗಾಲವೇ ಶತ್ರು.

ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ತಟ್ಟೆ ಸ್ಟ್ಯಾಂಡಿನ ಹಾಗೆ ನೇರ ನಿಲ್ಲಿಸಿ. ಒಲೆಯ ಮೇಲಿನ ಅಟ್ಟ, ಬಿಸಿಲು ಬೀಳುವ ಕಿಟಕಿ ಎರಡೂ ಬೇಡ, ಬಿಸಿಗೆ ಬಾಗುತ್ತವೆ. 45, 33ರ ಪ್ಲೇಟಿನ ಧೂಳನ್ನು ಮೆತ್ತನೆ ಬಟ್ಟೆಯಿಂದ ಗೆರೆಯ ಜಾಡಿನಲ್ಲೇ ಒರೆಸಿ, ನಡುವಿನ ಚೀಟಿಗೆ ನೀರು ತಾಗಿಸಬೇಡಿ. 78ರ ಪ್ಲೇಟಿಗೆ ಸ್ಪಿರಿಟ್ಟು ಮಾತ್ರ ಮುಟ್ಟಿಸಲೇಬೇಡಿ, ಅರಗು ಕರಗಿಹೋಗುತ್ತದೆ. ಅದರ ಮುಳ್ಳೂ ಬೇರೆ, ಎಲ್.ಪಿ.ಯ ಮುಳ್ಳಿನಲ್ಲಿ ಹಾಕಬಾರದು.

ವಿಡಿಯೋ ಕ್ಯಾಸೆಟ್ಟಿನ ಟೇಪಿನ ಮೇಲೆ ಬಿಳೀ ಬೂಷ್ಟು ಕಂಡರೆ ಆಸೆಗೆ ಬಿದ್ದು ಹಾಕಿ ನೋಡಬೇಡಿ. ಟೇಪೂ ಹೋಗುತ್ತದೆ, ಯಂತ್ರವೂ ಕೆಡುತ್ತದೆ, ಅದರಿಂದ ಮುಂದಿನ ಕ್ಯಾಸೆಟ್ಟಿಗೂ ಬೂಷ್ಟು ಹತ್ತುತ್ತದೆ. ಚೆನ್ನಾಗಿರುವುದನ್ನು ಪೂರ್ತಿ ಸುತ್ತಿ, ಡಬ್ಬಿಯಲ್ಲಿ ನೇರ ನಿಲ್ಲಿಸಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಪೊಟ್ಟಣ ಬಿಸಾಡದೆ ಅದರ ಪಕ್ಕ ಇಡಿ. ಸ್ಪೀಕರಿನ ಹತ್ತಿರ ಇಡಬೇಡಿ, ಅದರೊಳಗೆ ಅಯಸ್ಕಾಂತ ಇರುತ್ತದೆ. ವಿ.ಸಿ.ಆರ್. ಯಂತ್ರದ ತಯಾರಿಕೆಯೇ 2016ರಲ್ಲಿ ನಿಂತುಹೋಯಿತು. ಆದ್ದರಿಂದ ಅಪರೂಪದ್ದು ಏನಾದರೂ ಇದ್ದರೆ, ಯಂತ್ರ ಓಡುತ್ತಿರುವಾಗಲೇ ಕಂಪ್ಯೂಟರ್ ಬಲ್ಲ ಹುಡುಗರ ಕೈಯಲ್ಲಿ ಅದನ್ನು ಇಳಿಸಿಟ್ಟುಕೊಳ್ಳಿ.

ಬಿಲ್ಲೆಯನ್ನು ಅಂಚಿನಲ್ಲಿ ಹಿಡಿಯಿರಿ. ಒರೆಸುವಾಗ ದೋಸೆ ಹುಯ್ದ ಹಾಗೆ ಸುತ್ತಿಸಬೇಡಿ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಹಾಡಿನ ಪುಸ್ತಕಕ್ಕೆ ಸೆಲ್ಲೋಟೇಪು ಅಂಟಿಸಬೇಡಿ, ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರ ನುಂಗುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ: ಏನು, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಯಾರು ಕೊಟ್ಟದ್ದು. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ದಪ್ಪಗೆ ಬರೆಯಿರಿ. ಹೆಸರಿಲ್ಲದ ಪೆಟ್ಟಿಗೆ ಗುಜರಿಯವನ ಕಣ್ಣಿಗೆ ಸಾಮಾನು, ಹೆಸರಿದ್ದರೆ ಅದು ಒಬ್ಬರ ಸ್ವತ್ತು. ಮನೆಯವರನ್ನು ವರ್ಷಕ್ಕೊಂದು ದಿನವಾದರೂ ಜೊತೆಗೆ ಕೂರಿಸಿಕೊಂಡು ಹಾಡು ಕೇಳಿಸಿ, ಈ ಪ್ಲೇಟು ಯಾಕೆ ಇಟ್ಟಿದ್ದೀನಿ ಅಂತ ಹೇಳಿ. ಅಡುಗೆಮನೆಯಲ್ಲಿ ಒಬ್ಬರೇ ಕೇಳಿದ ಹಾಡಿನ ಬೆಲೆ ಮಿಕ್ಕವರಿಗೆ ತಿಳಿಯುವುದು ಹೇಗೆ?

ಕಾಗದ ಬರೆದ ಸೋದರಿಗೆ ಹೇಳುವುದಿಷ್ಟೆ. ಹೋದದ್ದು ಹೋಯಿತು ಅನ್ನುವುದಿಲ್ಲ, ಅದು ಸುಳ್ಳು ಸಮಾಧಾನ. ಮನೆಯವರನ್ನು ಕೂರಿಸಿ ಒಂದು ಸಲ ಬಾಯಿಬಿಟ್ಟು ಹೇಳಿ: 'ಅದು ನನ್ನದು, ನನ್ನನ್ನು ಕೇಳಬೇಕಿತ್ತು.' ಜಗಳಕ್ಕಲ್ಲ, ಇನ್ನೊಂದು ಸಲ ಹೀಗಾಗದಿರಲಿ ಅಂತ. ಆಮೇಲೆ ಊರಿನ ಗುಜರಿ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಪ್ಲೇಟುಗಳನ್ನು ಎಷ್ಟೋ ಸಲ ಬೇರೆ ತೆಗೆದಿಟ್ಟಿರುತ್ತಾರೆ, ನನಗೇ ಎರಡು ಹಾಗೆ ಸಿಕ್ಕಿವೆ. ಸಿಗದಿದ್ದರೂ ಒಂದರಿಂದ ಮತ್ತೆ ಶುರುಮಾಡಿ. ನಮ್ಮತ್ತೆ ಶುರುಮಾಡಿದ್ದೂ ಅಕ್ಕಿ ಡಬ್ಬದಲ್ಲಿದ್ದ ಒಂದೇ ಪುಸ್ತಕದಿಂದ.

ನಿಮ್ಮ ಬೀರುವಿನಲ್ಲಿ, ಟ್ರಂಕಿನಲ್ಲಿ ಏನಿದೆ? ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಹಳೇ ರೇಷ್ಮೆ ಸೀರೆಯ ಜರಿ ಕಪ್ಪಾಗದಂತೆ ಇಡುವ ಬಗ್ಗೆ ಮಾತಾಡೋಣ.